ದೇವಿಂದ್ರಪ್ಪನ ಹೊಗೆ ಬಂದ್ ಚಳವಳಿ

ಓಣಿಯ ಹೊಗೆಯನ್ನು ಗಡಿಪಾರು ಮಾಡದೆ ಬಿಡುವುದಿಲ್ಲ ಎಂದು ದೇವಿಂದ್ರಪ್ಪ ಶಪಥ ಮಾಡಿದ್ದು ಹುಮನಾಬಾದಿನ ಆಫೀಸಿನಿಂದ ತನ್ನೂರು ಬಸವಕಲ್ಯಾಣಕ್ಕೆ ಮರಳುವ ಬಸ್ಸಿನಲ್ಲಿ, ಅದೂ ನಿಂತುಕೊಂಡು. ಕೂತು ಮಾಡಿದ ಶಪಥಕ್ಕಿಂತ ನಿಂತು ಮಾಡಿದ್ದು ಗಟ್ಟಿ ಎಂದು ಅವನ ನಂಬಿಕೆ. ಕಾರಣವೂ ಸಣ್ಣದಲ್ಲ. ಚಳಿ ಶುರುವಾದಾಗಿನಿಂದ ಕೆಮ್ಮು ಅವನ ಬೆನ್ನು ಬಿಟ್ಟಿರಲಿಲ್ಲ. ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದರು. ಹೊಗೆ ಇವನಿಂದ ದೂರ ಇರಬೇಕಲ್ಲ! ಬೆಳಗಾದರೆ ಪಕ್ಕದ ಮನೆಯ ಮುನ್ನಿ ಬೀ, ಓಣಿಗೆಲ್ಲ ಖಾಲಾ ಅಂದರೆ ಚಿಕ್ಕಮ್ಮ, ಅಂಗಳದ ಒಲೆಗೆ ಹಸಿ ತೊಗರಿ ಕಟ್ಟಿಗೆ ತುರುಕಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಆ ಹೊಗೆ ಗೋಡೆ ಹಾರಿ ಇವನ ಕಿಟಕಿಯನ್ನೇ ಹುಡುಕಿಕೊಂಡು ಬರುತ್ತಿತ್ತು. ರಾತ್ರಿ ದಾಬಾದಲ್ಲಿ ಮಲಗಿದ್ದಿರಾ ಎಂದು ಆಫೀಸಿನವರು ಅವನ ಅಂಗಿ ಮೂಸಿ ಕೇಳಿದ್ದರು.

ಭಾನುವಾರ ದೇವಿಂದ್ರಪ್ಪ ಖಾಲಾನ ಅಂಗಳದಲ್ಲಿ ಭಾಷಣಕ್ಕೆ ನಿಂತ. ಹವಾ ಎಷ್ಟು ಕೆಟ್ಟಿದೆ ಎಂದು ಫೋನಿನಲ್ಲಿ ಕೆಂಪು ಅಂಕಿ ತೋರಿಸಿದ. ಅಂಕಿ ಹೈದರಾಬಾದಿನದು, ಆದರೂ ಕೆಂಪು ಕೆಂಪೇ.

"ನಮ್ಮನಿಯಾಗ ನೋಡ್ರಿ ಖಾಲಾ, ಗೀಜರ್ ಅದ. ಗುಂಡಿ ಒತ್ತಿದ್ರ ಬಿಸಿನೀರು. ಹೊಗಿ ಇಲ್ಲ, ಬೂದಿ ಇಲ್ಲ."

ಹಿಂದೆ ನಿಂತಿದ್ದ ಹೆಂಡತಿ ಸುಗಂಧಾ ಅಂಗಿ ಜಗ್ಗಿದಳು. ಹೆಮ್ಮೆಯಿಂದ ಜಗ್ಗುತ್ತಿದ್ದಾಳೆ ಎಂದುಕೊಂಡು ಅವನು ದನಿ ಇನ್ನಷ್ಟು ಏರಿಸಿದ. ಖಾಲಾ ಸುಗಂಧಾಳ ಮುಖ ನೋಡಿ ನಗು ನುಂಗಿಕೊಂಡರು.

"ಆಯ್ತು ಬೇಟಾ. ನಿನ್ನ ಎದಿಗಿಂತ ನನ್ನ ಹಂಡೆ ದೊಡ್ಡದಲ್ಲ. ನಾಳಿಂದ ಒಲಿ ಹಚ್ಚಂಗಿಲ್ಲ."

ಮರುದಿನ ಎಂಥ ಗಾಳಿ! ಕಿಟಕಿಯಲ್ಲಿ ನಿಂತು ಎದೆ ತುಂಬ ಉಸಿರೆಳೆದ ದೇವಿಂದ್ರಪ್ಪನಿಗೆ ಒಂದು ಕೆಮ್ಮೂ ಬರಲಿಲ್ಲ. ಗೆದ್ದ ಖುಷಿಯಲ್ಲಿ ಗುನುಗುತ್ತ ಬಚ್ಚಲಿಗೆ ಹೋದವನು ಕಣ್ಣು ಮುಚ್ಚಿ ಮೊದಲ ಚೊಂಬು ತಲೆಗೆ ಸುರಿದುಕೊಂಡ. ಆ ಚೀರಾಟಕ್ಕೆ ಊರ ಕೋಟೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು ಎಂದು ಓಣಿಯವರು ಈಗಲೂ ಹೇಳುತ್ತಾರೆ.

"ಗೀಜರಿಗೇನಾಗ್ಯಾದ?" ಒಳಗಿನಿಂದ ಹಲ್ಲು ಕಟಕಟಿಸುತ್ತ ಕೇಳಿದ.

"ದೀಪಾವಳಿಗೇ ಕೆಟ್ಟು ಹೋಗ್ಯಾದ್ರಿ. ಹೇಳಿದಾಗೆಲ್ಲ ಫೋನ್ ನೋಡ್ಕೋತ ಹ್ಞೂಂ ಅಂತಿದ್ರಿ," ಎಂದಳು ಸುಗಂಧಾ ಬಾಗಿಲಾಚೆಯಿಂದ.

"ಮತ್ತ ಇಷ್ಟು ದಿನ ನಾ ಜಳಕ ಮಾಡಿದ ನೀರು?"

"ಖಾಲಾನ ಹಂಡೇದು. ನೀವು ಏಳೂದ್ರಾಗ ಗೋಡಿ ಮ್ಯಾಲಿಂದ ಬಕೀಟ ಕೊಡ್ತಿದ್ರು."

ತಣ್ಣೀರಿಗಿಂತ ಈ ಮಾತಿಗೇ ಅವನು ಹೆಚ್ಚು ನಡುಗಿದ. ಇಷ್ಟು ದಿನ ಬೈದ ಹೊಗೆಯಲ್ಲಿ ಅರ್ಧ ಪಾಲು ಅವನದೇ! ಮೆಕ್ಯಾನಿಕ್ ಬಂದು ಗೀಜರ್ ಬಿಚ್ಚಿ ನೋಡಿ, ಇದರಲ್ಲಿ ಇನ್ನು ಕಾಳು ತುಂಬಿಡಬಹುದು ಎಂದು ಹೇಳಿ ಹೋದ.

ದೇವಿಂದ್ರಪ್ಪ ತಲೆ ತಗ್ಗಿಸಿಕೊಂಡು ಖಾಲಾನ ಬಳಿ ಹೋದ. ಒಲೆಗೆ ಮಾಳಿಗೆಗಿಂತ ಎತ್ತರದ ತಗಡಿನ ಕೊಳವೆ ಕೂರಿಸಿಕೊಡುತ್ತೇನೆ, ಹಸಿ ಕಟ್ಟಿಗೆ ಬೇಡ, ಒಣಗಿದ್ದೇ ಹಾಕೋಣ ಎಂದ. ಖಾಲಾ ಎಲ್ಲಕ್ಕೂ ಒಪ್ಪಿದರು.

"ಆದ್ರ ಹೊಗಿ ಆಗದಂಗ ಹಚ್ಚೋದು ನನಗ ಬರಂಗಿಲ್ಲ ಬೇಟಾ. ನೀನೇ ಹಚ್ಚು."

ಈಗ ಹೊಗೆ ಪೂರ್ತಿ ಹೋಗಿಲ್ಲ, ಬಹಳ ಕಮ್ಮಿಯಾಗಿದೆ. ಕೆಮ್ಮೂ ಅಷ್ಟೇ. ಎರಡೂ ಮನೆಗೆ ಬಿಸಿನೀರು, ಮೇಲೆ ಖಾಲಾನ ಚಹಾ. ದೇವಿಂದ್ರಪ್ಪನಿಗೆ ನಿಜಕ್ಕೂ ಸುಖವಾಗಿದೆ. ಮೊನ್ನೆ ಖಾಲಾನ ಗಂಡ ಅಬ್ದುಲ್ ಕರೀಂ ಚಾಚಾ ಕುರ್ಚಿ ಹಾಕಿಕೊಂಡು ಕೂತು, ಇಂಥ ಉರಿ ತಾನು ಹುಟ್ಟಿ ಕಂಡಿಲ್ಲ ಎಂದು ಹೊಗಳಿದರು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ದೇವಿಂದ್ರಪ್ಪ ಉಬ್ಬಿಹೋದ.

ಚಾಚಾ ಚಹಾ ಗುಟುಕರಿಸಿ ಮಾತು ಮುಗಿಸಿದರು: "ನಾಳಿ ನಮ್ಮ ಬೀಗರು ಬರೋರದಾರ, ಮನಿ ತುಂಬ ಮಂದಿ. ನೀ ಒಂದು ತಾಸು ಮೊದಲೇ ಬಾ."