ಹಗುರ ಚೀಲದ ಪ್ರಯೋಗಗಳು

ನಮ್ಮ ಮನೆಯಲ್ಲಿ ಪ್ರವಾಸದ ದಿನ ಗೊತ್ತಾದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ಅದೂ ಚೀಲದಿಂದಲೇ. ಮಳೆ ಬಂದು ನಮ್ಮ ಪ್ರವಾಸ ಕೆಟ್ಟದ್ದಿಲ್ಲ, ಕಾರು ಕೈಕೊಟ್ಟದ್ದಿಲ್ಲ. ನಮ್ಮನ್ನು ಆಡಿಸುವುದು ಚೀಲ ಒಂದೇ.

ನಾನು ಹೊಳಲ್ಕೆರೆಯ ಈ ಮನೆತನಕ್ಕೆ ಬಂದ ಮೊದಲ ಬಿ.ಎಸ್ಸಿ. ಸೊಸೆ. ಅದನ್ನು ಪದೇಪದೇ ಹೇಳಬೇಡ ಎಂದು ನಮ್ಮನೆಯವರು ಅನ್ನುವುದರಿಂದ ಇಲ್ಲಿ ಒಂದೇ ಸಲ ಹೇಳುತ್ತೇನೆ. ಕಾಲೇಜಿನಲ್ಲಿ ಪ್ರಯೋಗದ ರೆಕಾರ್ಡು ಬರೆಯುತ್ತಿದ್ದೆವಲ್ಲ, ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಅಂತ, ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಪ್ರಯೋಗ ಸರಿ ಬರದಿದ್ದರೆ ನಮ್ಮ ಲೆಕ್ಚರರು ಕೆಂಪು ಶಾಯಿಯಲ್ಲಿ ‘ಮತ್ತೆ ಮಾಡಿ’ ಎಂದು ಗೀಚಿ ಸಹಿ ಹಾಕುತ್ತಿದ್ದರು. ಆಮೇಲೆ ವಾದವಿಲ್ಲ, ಮೊದಲಿನಿಂದ ಎಲ್ಲ ಮತ್ತೆ.

ಹಾಗೆ ನಾನಿಟ್ಟ ಪುಸ್ತಕಗಳಲ್ಲಿ ಒಂದು ಚೀಲದ ಪುಸ್ತಕ. ಇಬ್ಬರು ಮೊಮ್ಮಕ್ಕಳಿಗೆ ರಜೆ ಬಂತೆಂದರೆ ಬೆಂಗಳೂರಿನ ಕಡೆಯ ಆಟದ ಪಾರ್ಕಿಗೆ ಹೋಗಲೇಬೇಕು. ನಾನು, ನಮ್ಮನೆಯವರು, ಮಗ, ಸೊಸೆ, ಮಕ್ಕಳು, ಒಟ್ಟು ಆರು ಜನ. ಬೆಳಗಿನಿಂದ ಸಂಜೆಯವರೆಗೆ ಯಾರ ಭುಜವೂ ನೋಯದಂಥ ಒಂದು ಚೀಲ ಹುಡುಕುವುದು ಆ ಪುಸ್ತಕದ ಉದ್ದೇಶ. ಚೀಲ ಆರಿಸುವ ಅಧಿಕಾರ ಪುಸ್ತಕ ಇಟ್ಟುಕೊಂಡವರದು. ಇಷ್ಟು ವರ್ಷ ಅದು ನನ್ನದಾಗಿತ್ತು. ಈಗ ಆ ಪುಸ್ತಕ ಸೊಸೆಯ ಕಪಾಟಿನಲ್ಲಿದೆ. ಅಲ್ಲಿಗೆ ಹೇಗೆ ಹೋಯಿತು ಎಂಬುದನ್ನು, ನನ್ನ ಮಾನ ಹೋದರೂ ಸರಿ, ಕ್ರಮವಾಗಿ ಹೇಳುತ್ತೇನೆ.

೧. ಗಾಲಿ ಸೂಟ್‌ಕೇಸು

ಮೊದಲ ಸಲಹೆ ನಮ್ಮನೆಯವರದು. “ಹೊರೋದ್ಯಾಕೆ? ಗಾಲಿ ಇರೋದು ತಗಂಡ್ರೆ ತಾನೇ ಹಿಂದೆ ಬರ್ತತೆ” ಅಂದರು.

ಪಾರ್ಕಿನಲ್ಲಿ ದಿನವಿಡೀ ನಡೆಯಬೇಕು, ಅದಕ್ಕೆ ಮೊದಲು ಒಂದು ತಾಲೀಮು ಇರಲಿ ಎಂದು ಭಾನುವಾರ ಇಬ್ಬರೂ ಸೂಟ್‌ಕೇಸು ಸಮೇತ ಚಿತ್ರದುರ್ಗದ ಕೋಟೆಗೆ ಹೋದೆವು. ಬಾಗಿಲಿನ ತನಕ ಅದು ಸಾಕಿದ ಕರುವಿನ ಹಾಗೆ ಹಿಂದೆ ಬಂತು. ಒಳಗೆ ಕಲ್ಲುಹಾಸು ಶುರುವಾದದ್ದೇ ತಡ, ಗಡಗಡ ಗಡಗಡ ಸದ್ದು. ಮುಂದೆ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿ ದಾರಿ ಬಿಟ್ಟರು. ಒಬ್ಬಾಕೆ ಮಗುವನ್ನು ಎತ್ತಿಕೊಂಡಳು. ಆಮೇಲೆ ಮೆಟ್ಟಿಲು ಬಂದವು. ಗಾಲಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ ಎಂಬುದು ನಮಗೆ ಹೊಳೆದದ್ದು ಆಗಲೇ. ನಮ್ಮನೆಯವರು ಸೂಟ್‌ಕೇಸನ್ನು ತಲೆಯ ಮೇಲೆ ಇಟ್ಟುಕೊಂಡರು. ನಾಲ್ಕು ಗಾಲಿಗಳೂ ಆಕಾಶ ನೋಡುತ್ತ ಸುಮ್ಮನೆ ತಿರುಗುತ್ತಿದ್ದವು.

ಮೇಲಿನಿಂದ ಹೆಗಲ ಮೇಲೆ ಟವೆಲು ಹಾಕಿಕೊಂಡ ಅಜ್ಜನೊಬ್ಬ ಇಳಿದು ಬರುತ್ತಿದ್ದ. ನಿಂತು ಕೇಳಿದ: “ಯಜಮಾನ್ರೇ, ಮ್ಯಾಲೆ ಉಳ್ಕಳಾಕೆ ರೂಮು ಮಾಡ್ಯಾರೇನ್ರಿ?”

“ಇಲ್ಲಪ್ಪ” ಅಂದರು ಇವರು, ಏದುಸಿರು ಬಿಡುತ್ತ.

ಅಜ್ಜ ಸೂಟ್‌ಕೇಸು ನೋಡಿದ, ಇವರ ಬೆವರು ನೋಡಿದ, ಕೊನೆಗೆ ನನ್ನ ಮುಖ ನೋಡಿದ. “ಹೋಗ್ಲಿ ಬಿಡ್ರಿ, ಯಾರ ಮನ್ಯಾಗೆ ಜಗಳ ಇರಲ್ಲ. ಸಂಜೀಗೆ ಮನೀಗೆ ವಾಪಸ್ ಹೋಗ್ರಿ” ಅಂದ.

೨. ಒಂದು ಭುಜದ ಚೀಲ

ಆಮೇಲೆ ಉದ್ದ ಪಟ್ಟಿಯ, ಒಂದೇ ಭುಜಕ್ಕೆ ಹಾಕುವ ಚೀಲ ಬಂತು. ಇದರ ತಾಲೀಮಿಗೆ ಚಿತ್ರದುರ್ಗದ ಹತ್ತಿರವೇ ಇರುವ ಗೊಂಬೆ ಪಾರ್ಕು ಆರಿಸಿದೆ, ಆರೂ ಜನ ಹೋದೆವು. ಹಳ್ಳಿಯ ಬದುಕನ್ನು ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಕುಟ್ಟುವವರು, ಬೀಸುವವರು, ಕುರಿ ಕಾಯುವವರು ಎಲ್ಲ ಇದ್ದಾರೆ. ಮೆಟ್ಟಿಲಿನ ಕಾಟವಿಲ್ಲ.

ಒಂದು ಗಂಟೆ ನಡೆಯುವುದರೊಳಗೆ ನನ್ನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಬಂತು. ಮಕ್ಕಳು ಮುಂದೆ ಓಡಿದರು, ಮಿಕ್ಕವರು ಅವರ ಹಿಂದೆ ಹೋದರು. ನಾನು ಒಂದು ಗುಡಿಸಲಿನ ಜಗಲಿಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಭುಜ ಅಲ್ಲಾಡಿಸಿದರೆ ನೋವು, ಆದ್ದರಿಂದ ಅಲ್ಲಾಡಲಿಲ್ಲ. ಕಣ್ಣು ಅರ್ಧ ಮುಚ್ಚಿಕೊಂಡಿತ್ತು.

ಸ್ವಲ್ಪ ಹೊತ್ತಿಗೆ ಒಂದು ಹೆಂಗಸಿನ ದನಿ ಕೇಳಿತು. “ಬರ್ರಿ ಇಲ್ಲಿ, ಈ ಅಜ್ಜೀನ ನೋಡ್ರಿ, ಎಷ್ಟು ಚೆಂದ ಮಾಡ್ಯಾರೆ! ಚೀಲಾನೂ ನಿಜದ್ದೇ ಇಟ್ಟವ್ರೆ.”

ಅವಳ ಗಂಡ ಹತ್ತಿರ ಬಂದು ಬಗ್ಗಿ ನೋಡಿದ. ಈಗ ಅಲ್ಲಾಡಿದರೆ ಇಬ್ಬರೂ ಎದೆಯೊಡೆದು ಬಿದ್ದಾರು ಎಂಬ ಕರುಣೆಯಿಂದ ನಾನು ಉಸಿರು ಬಿಗಿಹಿಡಿದೆ. ಅವನು ಬಹಳ ಹೊತ್ತು ಪರೀಕ್ಷೆ ಮಾಡಿ ತೀರ್ಪು ಕೊಟ್ಟ: “ಎಲ್ಲಾ ಸರಿ ಐತೆ. ಒಂದು ಭುಜ ಮಾತ್ರ ಸೊಟ್ಟ ಮಾಡ್ಯಾರೆ.”

೩. ಮೂರು ಕಿಲೋ ಜೋಳ

ಅಂಗಡಿಯಲ್ಲಿ ಎಲ್ಲ ಚೀಲವೂ ಹಗುರವೇ, ಒಳಗೆ ಏನೂ ಇರುವುದಿಲ್ಲವಲ್ಲ. ಭಾರ ಹಾಕಿ ನೋಡದೆ ಚೀಲ ಕೊಳ್ಳುವುದು ಅವೈಜ್ಞಾನಿಕ. ಆದ್ದರಿಂದ ದುರ್ಗದ ಚೀಲದಂಗಡಿಗೆ ಹೋಗುವಾಗ ಮೂರು ಕಿಲೋ ಜೋಳವನ್ನು ಗಂಟು ಕಟ್ಟಿಕೊಂಡು ಹೋದೆ.

ಬೆನ್ನಿಗೆ ಹಾಕುವ ಚೀಲಗಳಲ್ಲಿ ಒಂದೊಂದರೊಳಗೂ ಜೋಳದ ಗಂಟು ಇಡುವುದು, ಬೆನ್ನಿಗೇರಿಸಿ ಅಂಗಡಿಯೊಳಗೆ ಇಪ್ಪತ್ತು ಸುತ್ತು ಸುತ್ತುವುದು, ತೆಗೆಯುವುದು. ಅಂಗಡಿಯವನು ಮೊದಮೊದಲು “ಹಾಕ್ಕಳ್ರಿ ಅಮ್ಮ, ನೋಡ್ರಿ ಅಮ್ಮ” ಅನ್ನುತ್ತಿದ್ದವನು ಎಂಟನೆಯ ಚೀಲದ ಹೊತ್ತಿಗೆ ಸ್ಟೂಲು ಹಾಕಿಕೊಂಡು ಕೂತ. ಹನ್ನೊಂದನೆಯದೂ ಹಿಡಿಸಲಿಲ್ಲ. “ಇನ್ನೊಂದ್ಸಲ ಬರ್ತೀನಪ್ಪ” ಎಂದು ಹೊರಟೆ.

ಬಸ್ ಸ್ಟ್ಯಾಂಡು ಮುಟ್ಟಿದ ಮೇಲೆ ಕೈ ಖಾಲಿ ಇರುವುದು ಗೊತ್ತಾಯಿತು. ಜೋಳ ಹನ್ನೊಂದನೆಯ ಚೀಲದಲ್ಲೇ ಉಳಿದಿತ್ತು! ಓಡಿಬಂದೆ.

ಅಂಗಡಿಯಲ್ಲಿ ದೊಡ್ಡ ರಂಪ. ನಾನು ಹೋದ ಹತ್ತು ನಿಮಿಷದಲ್ಲಿ ಯಾರೋ ಆ ಚೀಲ ಕೊಂಡಿದ್ದಾರೆ, ಬಾಗಿಲಲ್ಲೇ ತೆರೆದು ನೋಡಿ ಜೋಳ ಕಂಡು, ಖುಷಿಯಿಂದ ಹೋಗಿಬಿಟ್ಟಿದ್ದಾರೆ. ಅದನ್ನು ಕಣ್ಣಾರೆ ಕಂಡ ಇನ್ನೊಬ್ಬ ಗಿರಾಕಿ ತಾನು ಕೊಂಡ ಚೀಲವನ್ನು ತೆರೆದು ಹಿಡಿದು ನಿಂತಿದ್ದ.

“ಇಲ್ಲ ಸ್ವಾಮಿ, ಅಂಥದ್ದೇನೂ ನಮ್ಮಲ್ಲಿ ಇಲ್ಲ” ಎಂದು ಅಂಗಡಿಯವನು ಕೈಮುಗಿಯುತ್ತಿದ್ದ.

“ಏನಪ್ಪ, ಅವ್ರಿಗೊಂದು ನಮಗೊಂದಾ? ಜೋಳ ಮುಗುದಿದ್ರೆ ಮುಗುದೈತೆ ಅನ್ನು. ರಾಗಿನಾದ್ರೂ ಹಾಕು!”

ನನ್ನನ್ನು ಕಂಡ ಅಂಗಡಿಯವನ ಕಣ್ಣಲ್ಲಿ ನೀರು ಬಂತು. ನಾನು ಎದುರಿಗೆ ಕಂಡ ಚೀಲ ಕೊಂಡು ಬಂದೆ. ಅದಕ್ಕೆ ಹದಿನಾಲ್ಕು ಜೇಬು.

೪. ಹದಿನಾಲ್ಕು ಜೇಬು

ಹದಿನಾಲ್ಕು ಜೇಬಿನ ಆ ಚೀಲವೇ ಮೊದಲ ಸಲ ಬೆಂಗಳೂರಿನ ಪಾರ್ಕು ಕಂಡದ್ದು. ಯಾವ ಜೇಬಿನಲ್ಲಿ ಏನಿದೆ ಎಂದು ಪುಸ್ತಕದಲ್ಲಿ ಪಟ್ಟಿ ಮಾಡಿದೆ. ಒಂದು: ಬಾಚಣಿಗೆ. ಎರಡು: ತಲೆನೋವಿನ ಮಾತ್ರೆ. ಹೀಗೆ ಹದಿಮೂರರ ತನಕ. ಮನೆ ಬಿಡುವಾಗ ಚೀಲ ಹಗುರವಾಗಿಯೇ ಇತ್ತು.

ಆದರೆ ದಾರಿಯಲ್ಲಿ ಹಿರಿಯೂರಿದೆ, ಹಿರಿಯೂರಿನ ಮಗ್ಗುಲಲ್ಲಿ ಬಬ್ಬೂರಿದೆ, ಬಬ್ಬೂರಿನಲ್ಲಿ ನನ್ನ ನಾದಿನಿ ಇದ್ದಾಳೆ. ಮನೆಗೆ ಬಂದವರ ಚೀಲವನ್ನು ಖಾಲಿ ಕಳಿಸಬಾರದು ಎಂಬುದು ನಮ್ಮ ಕಡೆಯ ರಿವಾಜು. ನಾದಿನಿ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾಳೆ. ಅವಳ ಪ್ರಕಾರ ಇನ್ನೊಂದು ಲಿಂಬೆಹಣ್ಣು ಹಿಡಿಯುವಷ್ಟು ಜಾಗ ಇದ್ದರೂ ಚೀಲ ಖಾಲಿಯೇ. “ತರ್ರಿ ಇಲ್ಲಿ ಅತ್ತಿಗೆ” ಎಂದು ಕಸಿದುಕೊಂಡವಳು ಎರಡು ತೆಂಗಿನಕಾಯಿ, ರವಿಕೆ ಕಣ, ಅಕ್ಕಿ, ದಾಳಿಂಬೆ, ಹುಣಸೆಹಣ್ಣಿನ ಉಂಡೆ ಎಲ್ಲ ತುಂಬಿದಳು. ಹದಿನಾಲ್ಕು ಜೇಬು ಕಂಡು ಅವಳಿಗಾದ ಸಂತೋಷ ಹೇಳತೀರದು.

“ಪಾರ್ಕಿಗೆ ಹುಣಸೆಹಣ್ಣು ಯಾಕತ್ತೆ? ಬೇಡ ಅನ್ರಿ” ಎಂದು ಸೊಸೆ ಕಿವಿಯಲ್ಲಿ ಪಿಸುಗುಟ್ಟಿದಳು. ಅವತ್ತು ಚೀಲ ಹೊರುವ ಸರದಿ ಅವಳದು.

“ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋದು ನಮ್ಮ ಮನೆತನದಲ್ಲಿಲ್ಲ” ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ಸೊಸೆ ನೆನಪಿಟ್ಟಳು.

ಮಧ್ಯಾಹ್ನ ಪಾರ್ಕಿನಲ್ಲಿ ನಮ್ಮನೆಯವರಿಗೆ ತಲೆನೋವು. “ಮಾತ್ರೆ ಕೊಡೇ” ಅಂದರು. ಯಾವ ಜೇಬು ಎಂಬುದು ಮರೆತುಹೋಗಿತ್ತು. “ಗಾಬರಿ ಬೇಡ, ಪುಸ್ತಕದಲ್ಲಿದೆ” ಅಂದೆ. ಪುಸ್ತಕ ಎಲ್ಲಿ? ಚೀಲದಲ್ಲಿ. ಯಾವ ಜೇಬಿನಲ್ಲಿ? ನನ್ನ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಜೇಬು ಅದೊಂದೇ.

ಪುಸ್ತಕ ಹುಡುಕುವಾಗ ಮೂರು ಸಲ ಮಾತ್ರೆ ಕೈಗೆ ಸಿಕ್ಕಿತಂತೆ. ‘ಮೊದಲು ಪುಸ್ತಕ ಸಿಗಲಿ’ ಎಂದು ನಾನೇ ಮತ್ತೆ ಒಳಗಿಟ್ಟೆನಂತೆ. ಇದು ಸೊಸೆಯ ಹೇಳಿಕೆ. ದಾಖಲೆ ಇಲ್ಲ.

೫. ಕೊಕ್ಕೆ ತಕ್ಕಡಿ

ಈ ಬೇಸಿಗೆಯಲ್ಲಿ ಮತ್ತೆ ಪಾರ್ಕಿನ ಮಾತು ಬಂದಾಗ ಸೊಸೆ ಸವಾಲು ಹಾಕಿದಳು.

“ಅತ್ತೆ, ತಪ್ಪು ಚೀಲದ್ದಲ್ಲ. ನೀವು ಯಾವ ಚೀಲ ಹಿಡಿದ್ರೂ ಹೋಗಿದ್ದಕ್ಕಿಂತ ಭಾರವಾಗೇ ಮನೆಗೆ ಬರುತ್ತೆ. ಈ ಸಲ ಹೋಗ್ತಾ ಬರ್ತಾ ತೂಕ ಮಾಡೋಣ. ಒಂದು ಗುಲಗಂಜಿ ಹೆಚ್ಚಾದ್ರೂ ಪುಸ್ತಕ ನನಗೆ.”

“ಕಮ್ಮಿಯಾದ್ರೆ?”

“ಮುಂದಿನ ಸಲ ನೀವು ಬೀಸೋಕಲ್ಲು ಹಾಕಿದ್ರೂ ಹೊರ್ತೀನಿ. ತುಟಿ ಬಿಚ್ಚಲ್ಲ.”

ಹೂಂ ಅಂದೆ. ಗೆಲ್ಲುವುದು ಖಂಡಿತವಾಗಿತ್ತು. ಅಗಲ ಪಟ್ಟಿಯ, ಒಂದೇ ಬಾಯಿಯ, ತೆಳು ಬಟ್ಟೆಯ ಬೆನ್ನುಚೀಲ ಆರಿಸಿದೆ. ನಿಜ ಹೇಳುತ್ತೇನೆ, ಅಂಥ ಸುಖದ ಚೀಲ ನಾನು ಬೆನ್ನಿಗೆ ಹಾಕಿದ್ದಿಲ್ಲ. ರೊಟ್ಟಿ, ಶೇಂಗಾ ಚಟ್ನಿ ತುಂಬಿದ ದೊಡ್ಡ ಡಬ್ಬಿ, ಬಟ್ಟೆ, ನೀರು ಎಲ್ಲ ಸೇರಿ ನಮ್ಮನೆಯವರ ಕೊಕ್ಕೆ ತಕ್ಕಡಿಯಲ್ಲಿ ಐದು ಕಿಲೋ. ರೊಟ್ಟಿ ತಿಂದರೆ ತೂಕ ಇಳಿಯಲೇಬೇಕು. ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಕವರು. ನೀರಿಗೂ ತೂಕವಿದೆ ಎಂಬುದು ಬಿ.ಎಸ್ಸಿ. ಓದಿದವಳಿಗೆ ತಿಳಿಯದೇ? (ಎರಡನೆಯ ಸಲ ಹೇಳಿದೆ, ಕ್ಷಮಿಸಿ.) ಹಿರಿಯೂರು ದಾಟುವಾಗ ಬಬ್ಬೂರಿನ ದಿಕ್ಕಿಗೆ ಮುಖ ಕೂಡ ತಿರುಗಿಸಲಿಲ್ಲ. ಫೋನು ಆಫ್.

ಪಾರ್ಕಿನ ಬಾಗಿಲಲ್ಲಿ ಚೀಲ ತಪಾಸಣೆ. ನಡುವಯಸ್ಸಿನ ಕಾವಲುಗಾರ ಡಬ್ಬಿ ತಟ್ಟಿ ಕೇಳಿದ: “ಇದ್ರಾಗೆ ಏನೈತ್ರಿ ಅಮ್ಮ? ಹೊರಗಿನ ಊಟ ಒಳಗೆ ಬಿಡಾಂಗಿಲ್ಲ.”

ನಮ್ಮ ಕಡೆಯ ಆ ‘ಐತೆ’ ಕೇಳಿದ ಮೇಲೆ ಸುಮ್ಮನಿರಲು ಸಾಧ್ಯವೇ? “ಏನಪ್ಪ, ಯಾವೂರು ನಿಂದು?”

“ಹೊಸದುರ್ಗದ ಕಡೆ ರೀ. ಮಾಡದಕೆರೆ.”

“ಮಾಡದಕೆರೆಯವನಾಗಿ ರೊಟ್ಟೀನ ಹೊರಗಿನ ಊಟ ಅಂತೀಯಲ್ಲೋ!”

ಅವನು ನಾಚಿಕೊಂಡ. “ನನ್ನ ಮಾತಲ್ರೀ ಅದು, ಪಾರ್ಕಿನ ರೂಲ್ಸು.”

ಕಾನೂನು ಕಾನೂನೇ. ಡಬ್ಬಿಯನ್ನು ಅವನ ಕೈಗೇ ಕೊಟ್ಟೆ. “ಹಂಗಾರೆ ಇದು ನಿಮ್ಮ ಊಟ. ಜೊತೆಯವರಿಗೂ ಕೊಡು. ಸಂಜೆ ಡಬ್ಬಿ ವಾಪಸ್ ಕೊಟ್ರೆ ಸಾಕು.”

ದಾನಕ್ಕೆ ದಾನ, ತೂಕಕ್ಕೆ ತೂಕ. ಸೊಸೆಯ ಕಡೆ ಒಂದು ನೋಟ ಬಿಟ್ಟು ಒಳಗೆ ಹೋದೆ. ಆ ದಿನ ಆರು ಜನರಲ್ಲಿ ಯಾರೂ ‘ಭುಜ’ ಎಂಬ ಪದ ಎತ್ತಲಿಲ್ಲ. ನಾನು ಚೀಲ ಹಾಕಿಕೊಂಡೇ ಪುಟ್ಟ ರೈಲು ಹತ್ತಿ ಇಳಿದೆ. ಸಂಜೆ ಚೀಲ ಎಷ್ಟು ಹಗುರವಾಗಿತ್ತೆಂದರೆ ಬೆನ್ನಿಗಿದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಬಾಗಿಲಲ್ಲಿ ಮಾಡದಕೆರೆಯವನು ಕಾಯುತ್ತಿದ್ದ. ಜೊತೆಗೆ ರೊಟ್ಟಿ ತಿಂದ ಇನ್ನು ಮೂವರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಒಂದೇ ಕೈಗೆ ಎತ್ತಲಾಗದಷ್ಟು ಭಾರವಿತ್ತೆಂದು ಆಗಲೇ ನನಗೆ ಅನುಮಾನ ಬರಬೇಕಿತ್ತು.

“ಖಾಲಿ ಡಬ್ಬಿ ಕೊಡಾದು ಹೆಂಗಮ್ಮ?” ಅಂದ. “ಮೊನ್ನೆ ಊರಿಂದ ಕೊಬ್ಬರಿ ತಂದಿದ್ದೆ, ಊಟದ ಬಿಡುವಿನಾಗೆ ರೂಮಿಗೆ ಹೋಗಿ ತಂದೆ. ನಮ್ಮ ತೋಟದ್ದೇ. ಈ ಮೂರು ಕಾಯಿ ಬ್ಯಾರೆ. ಇವನು ಶೇಂಗಾ ತಂದವ್ನೆ, ಇವನು ಬಾಳೆಹಣ್ಣು. ಚೀಲ ತೆಗೀರಿ.”

ನಾನು ಚೀಲವನ್ನು ಬೆನ್ನಿನಿಂದ ತೆಗೆಯಲಿಲ್ಲ. ಅಲ್ಲಿ ಒಂದು ಮಾತು ಸಾಕಿತ್ತು, ಪುಸ್ತಕ ಉಳಿಯುತ್ತಿತ್ತು. ಸೊಸೆ ನನ್ನ ಪಕ್ಕಕ್ಕೆ ಬಂದು ಮೆತ್ತಗೆ, ಬೆಣ್ಣೆಯಂಥ ದನಿಯಲ್ಲಿ ಅಂದಳು: “ಬೇಡ ಅನ್ರಿ ಅತ್ತೆ. ನೋಡಾಣ.”

ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ನಾನು ಚೀಲದ ಬಾಯಿ ಬಿಚ್ಚಿ ಹಿಡಿದೆ.

ಮನೆಯಲ್ಲಿ ನಮ್ಮನೆಯವರು ತಕ್ಕಡಿ ಎತ್ತಿದರು. ಎಂಟೂಕಾಲು ಕಿಲೋ. “ಡಬ್ಬಿ ಬಿಟ್ಟು ತೂಗ್ರಿ” ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಪುಸ್ತಕವನ್ನು ಸೊಸೆಯ ಕೈಗೆ ಒಪ್ಪಿಸಿ, ಬಾಳೆಹಣ್ಣು ತಿಂದು ಮಲಗಿದೆ.

ಮರುದಿನ ಅವಳು ಅಡುಗೆಮನೆಯಲ್ಲಿದ್ದಾಗ ಕಪಾಟು ತೆಗೆದು ನೋಡಿದೆ. ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಫಲಿತಾಂಶ: ಚೀಲದಲ್ಲಿ ಯಾವ ದೋಷವೂ ಇಲ್ಲ. ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋದರೆ ಯಾವ ಚೀಲವಾದರೂ ಹಗುರ.’

ಪುಸ್ತಕ ಅವಳದಿರಬಹುದು, ಕೆಂಪು ಪೆನ್ನು ಇನ್ನೂ ನನ್ನದೇ. ಕೆಳಗೆ ‘ಮತ್ತೆ ಮಾಡಿ’ ಎಂದು ಗೀಚಿ, ಸಹಿ ಹಾಕಿ, ಕಪಾಟು ಮುಚ್ಚಿದೆ. ಆಮೇಲೆ ಬಬ್ಬೂರಿಗೆ ಫೋನು ಮಾಡಿ ನಾದಿನಿಗೆ ಹೇಳಿದೆ: “ಮುಂದಿನ ರಜೆಗೆ ಪಾರ್ಕಿಗೆ ಹೋಗ್ತಾ ನಿಮ್ಮನೆಗೆ ಬರ್ತೀವಿ. ಈ ಸಲ ಚೀಲ ನನ್ನ ಸೊಸೆ ಆರಿಸ್ತಾಳೆ. ಕೈ ಬಿಗಿ ಹಿಡೀಬೇಡ.”