ಬಾತುಕೋಳಿಯ ಕಾಲ ಬುಡದ ಗೆರೆ

ಮೂವತ್ತು ವರ್ಷ ಪಾರ್ಸೆಲ್ ಕೌಂಟರಿನಲ್ಲಿ ತಕ್ಕಡಿಯ ಮುಂದೆ ಕೂತು ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ತೂಗಲು ಏನೂ ಸಿಗದಿದ್ದರೆ ಜೀವ ಚಡಪಡಿಸುತ್ತದೆ. ಆ ಮನೆಯ ಯಜಮಾನರದೂ ಅದೇ ಪಾಡು. (ಅಳಿಯನ ಸೂಟ್‌ಕೇಸನ್ನೂ ಒಮ್ಮೆ ಎತ್ತಿ ನೋಡಿಯೇ ಒಳಗೆ ಬಿಟ್ಟುಕೊಳ್ಳುವವರು.)

ಆ ದಿನ ಹೆಂಡತಿ ಅಡುಗೆಮನೆಯಲ್ಲಿ ಮುಖಕ್ಕೆ ಹಚ್ಚುವ ಎಣ್ಣೆ ತಯಾರಿಸುತ್ತಿದ್ದರು. ಬ್ಯೂಟಿ ಪಾರ್ಲರಿನಾಕೆ ಹತ್ತು ಬಾಟಲಿ ಕೇಳಿದ್ದಳು. ನಾಲ್ಕು ಗಂಟೆಗೆ ಸಿದ್ಧವಿಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದ್ದಳು. ಅದು ಅವರ ಮೊದಲ ಆರ್ಡರು. ಆಕೆಯ ಚೀಟಿಯಲ್ಲಿ ಬಾಟಲಿಗೆ ನೂರು ಗ್ರಾಂ ಬಾದಾಮಿ ಎಣ್ಣೆ ಎಂದಿತ್ತು. ಅವರು ಬಾತುಕೋಳಿ ಚಿತ್ರದ ಗಾಜಿನ ಲೋಟಕ್ಕೆ, ಆ ಬಾತುಕೋಳಿಯ ಕಾಲ ಬುಡದಲ್ಲಿದ್ದ ನೇಲ್ ಪಾಲಿಶಿನ ಕೆಂಪು ಗೆರೆಯವರೆಗೆ ಎಣ್ಣೆ ಸುರಿದರು.

ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. "ಇದು ನೂರು ಗ್ರಾಂ ಅಂತ ಹೇಗೆ ಗೊತ್ತು?"

"ಗೆರೆ ಇದೆಯಲ್ಲ. ನನ್ನ ತಂಗಿ ಅವಳ ಮೆಡಿಕಲ್ ಶಾಪಲ್ಲಿ..."

"ನಿನ್ನ ತಂಗಿ ಗೆರೆ ಎಳೆದುಬಿಟ್ಟರೆ ಗ್ರಾಂ ಆಗಿಬಿಡುತ್ತಾ? ಎಣ್ಣೆ ನೀರಿಗಿಂತ ಹಗುರ ಕಣೇ. ಎಷ್ಟು ಹಗುರ ಅನ್ನೋದೇ ಪ್ರಶ್ನೆ."

ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎದುರುಮನೆಯ ಅಕ್ಕಸಾಲಿಯಿಂದ ತಕ್ಕಡಿ ತಂದರು. ಲೋಟ ಖಾಲಿ ಮಾಡಿ, ತೊಳೆದು, ಒರೆಸಿ, ಬಣ್ಣಕ್ಕೂ ತೂಕವಿರುತ್ತದೆಂದು ರಿಮೂವರಿನಿಂದ ಗೆರೆಯನ್ನೂ ಅಳಿಸಿದರು. ಅಂಚಿನವರೆಗೆ ನೀರು ತುಂಬಿ ತೂಗಿದರು, ಮತ್ತೆ ಒರೆಸಿ ಎಣ್ಣೆ ತುಂಬಿ ತೂಗಿದರು. ಲೋಟದ ತೂಕ ಕಳೆದರೆ ನೀರು ಇನ್ನೂರು ಗ್ರಾಂ, ಎಣ್ಣೆ ನೂರ ಎಂಬತ್ತೆರಡು. ಕಾಗದದ ಮೇಲೆ ಭಾಗಾಕಾರ ನಡೆಯಿತು. ಕೊನೆಗೆ ನೂರು ಗ್ರಾಂ ಎಣ್ಣೆಯೆಂದರೆ ಹತ್ತಿರ ಹತ್ತಿರ ನೂರ ಹತ್ತು ಮಿಲಿ ಎಂಬ ಮಹಾಸತ್ಯ ಹೊರಬಿತ್ತು. ಅವರಿಗೆ ನಿಜಕ್ಕೂ ಖುಷಿಯಾಯಿತು, ಮುಖ ಹೊಳೆಯಿತು. (ಹೊಳೆಯಲು ಎಣ್ಣೆಯ ಪಾಲೂ ಇತ್ತು.)

ಅಷ್ಟರಲ್ಲಿ ಗಿರಾಕಿ ಬಂದಿದ್ದಾರೆಂದು ಅಕ್ಕಸಾಲಿ ತಕ್ಕಡಿ ಒಯ್ದ. ಹೆಂಡತಿ ಗಡಿಯಾರ ನೋಡಿದರು, ಗೆರೆಯಿಲ್ಲದ ಲೋಟ ನೋಡಿದರು, ಗಂಡನನ್ನೂ ನೋಡಿದರು. "ಸರಿ, ಈ ಮಿಲಿ ಯಾವುದರಲ್ಲಿ ಅಳೀತೀರಿ?"

ಮನೆಯಲ್ಲಿ ಮಿಲಿ ಗುರುತಿದ್ದದ್ದು ಒಂದೇ, ಕೆಮ್ಮಿನ ಔಷಧಿಯ ಮುಚ್ಚಳ. ಅದರಲ್ಲಿ ಹತ್ತು ಮಿಲಿ, ಅಂದರೆ ಬಾಟಲಿಗೆ ಹನ್ನೊಂದು ಮುಚ್ಚಳ. ಎರಡನೆಯ ಬಾಟಲಿಗೇ ಎಣಿಕೆ ತಪ್ಪಿತು. ಏಳೋ ಎಂಟೋ ಎಂದು ಕೇಳಿದ್ದಕ್ಕೆ ಹೆಂಡತಿ ಗಡಿಯಾರದ ಕಡೆ ಕೈ ತೋರಿಸಿದರು. ಆಗ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಉಸಿರು ಬಿಗಿಹಿಡಿದು ಹನ್ನೊಂದು ಮುಚ್ಚಳ ಎಣ್ಣೆಯನ್ನು ಲೋಟಕ್ಕೇ ಸುರಿದು, ಎಣ್ಣೆ ನಿಂತ ಮಟ್ಟಕ್ಕೆ ಹೆಂಡತಿಯ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದರು. ಮುಂದಿನ ಬಾಟಲಿಗಳು ಸರಸರನೆ ತುಂಬಿದವು.

ಹತ್ತನೆಯದರ ಮುಚ್ಚಳ ಬಿಗಿಯುವಾಗ ಪಾರ್ಲರಿನಾಕೆ ಬಂದಳು. ಯಜಮಾನರು ತಡೆಯಲಾರದೆ ಲೋಟ ಎತ್ತಿ ತೋರಿಸಿ, ಇಡೀ ಮಧ್ಯಾಹ್ನದ ಲೆಕ್ಕಾಚಾರವನ್ನು ವಿವರಿಸಿದರು. ಆಕೆ ಬಾಗಿ ನೋಡಿದಳು. ಬಾತುಕೋಳಿಯ ಕಾಲ ಬುಡಕ್ಕೆ ಸರಿಯಾಗಿ ಕೆಂಪು ಗೆರೆ.

"ಸಾರ್, ಇಷ್ಟು ಕರೆಕ್ಟಾಗಿ ಹೇಗೆ ಕಂಡುಹಿಡಿದ್ರಿ?"

"ಬೆಳಿಗ್ಗೆಯೂ ಅಲ್ಲೇ ಇತ್ತಮ್ಮ," ಎಂದರು ಹೆಂಡತಿ, ಬಾಟಲಿಗಳನ್ನು ಚೀಲಕ್ಕೆ ಹಾಕುತ್ತಾ. "ಇವರು ಒರೆಸಿದ್ರು."