ಅಕ್ಕನ ಕಣ್ಣಿಗೆ ಕೊಟ್ಟ ಅಳತೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಅಂಗಡಿಗೆ ಹೋಗುತ್ತಿದ್ದದ್ದು ಅಳತೆಗಳು. ಅಪ್ಪನಿಗೆ ಚಪ್ಪಲಿ ಬೇಕಾದರೆ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಹಿಡಿದು, ಚಟ್ಟನೆ ಮುರಿದು ಕೊಡುತ್ತಿದ್ದರು. ಆ ಕಡ್ಡಿ ಯಾರದೋ ಜೇಬಿನಲ್ಲಿ ಕೂತು ತಾಳವಾಡಿಗೆ ಹೋಗಿ ಚಪ್ಪಲಿಯ ಜತೆ ವಾಪಸ್ ಬರುತ್ತಿತ್ತು. ಒಂದು ಸಲ ನಮ್ಮ ಮಾವ ದಾರಿಯಲ್ಲಿ ಮರೆತು ಆ ಕಡ್ಡಿಯಿಂದಲೇ ಹಲ್ಲು ಚುಚ್ಚಿಕೊಂಡು ತುದಿ ಮುರಿದುಬಿಟ್ಟಿದ್ದರು. ಆ ವರ್ಷವೆಲ್ಲ ಅಪ್ಪನ ಹಿಮ್ಮಡಿ ಚಪ್ಪಲಿಯ ಹೊರಗೇ ಓಡಾಡಿತು. ಅಕ್ಕನ ರವಿಕೆಗೆ ಹಳೆಯ ರವಿಕೆ ಹೋಗುತ್ತಿತ್ತು. ಅಮ್ಮನ ಬಳೆಗೆ ಪಕ್ಕದ ಮನೆಯ ಶಿವಮ್ಮನ ಕೈ ಹೋಗುತ್ತಿತ್ತು, ಜತೆಗೆ ಶಿವಮ್ಮನೂ ಹೋಗುತ್ತಿದ್ದಳು ಅನ್ನಿ. ನನ್ನ ಚಡ್ಡಿಗೆ ಮಾತ್ರ ಅಳತೆಯ ಗೋಜೇ ಇರಲಿಲ್ಲ. 'ಒಸಿ ದೊಡ್ದಾಗೇ ಇರ್ಲಿ' ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ಕೆಲಸಕ್ಕೆ ನಾನೊಬ್ಬನೇ ಹೊಣೆಯಲ್ಲ, ಆ ಪೊರಕೆ ಕಡ್ಡಿಯ ಪಾಲೂ ಇದೆ ಎಂದು ನೀವು ಒಪ್ಪಲಿ ಅಂತ. ಪೂರ್ತಿ ಒಪ್ಪದಿದ್ದರೂ ಪರವಾಗಿಲ್ಲ, ಅರ್ಧವಾದರೂ ಒಪ್ಪಿ.

ನಮ್ಮೂರು ಗೆಟ್ಟವಾಡಿಯ ಶಾಲೆಯಲ್ಲಿ ನಾನು ಐದನೇ ಕ್ಲಾಸಿನವರೆಗೆ ಓದಿದೆ. ಆಮೇಲೆ ದನ ನನ್ನನ್ನು ಕರೆದವೋ, ಮೇಷ್ಟ್ರು ನನ್ನನ್ನು ಕಳಿಸಿದರೋ, ಈಗ ನೆನಪಿಲ್ಲ. ಆ ಶಾಲೆಗೂ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಹೋಗಿ ಬಿಟ್ಟವಳು ಅಕ್ಕ, ಗೌರಮ್ಮಣ್ಣಿ. ಅವಳ ಮದುವೆಯ ದಿನ ನಾನು ಚಪ್ಪರದ ಕಂಬ ತಬ್ಬಿಕೊಂಡು ಅತ್ತಿದ್ದೆನಂತೆ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೇ ಬಂದಳು. ಬಂದಳು ಅನ್ನುವುದಕ್ಕಿಂತ ನಮ್ಮ ಮನೆಯೇ ಅವಳ ಕೈಗೆ ಹೋಯಿತು ಅಂದರೆ ಸರಿ. ಆಗ ಅಪ್ಪ ಅಮ್ಮ ಇರಲಿಲ್ಲ; ನಾನು, ನನ್ನ ಹೆಂಡತಿ ರತ್ನ, ಅಕ್ಕ. ಒಲೆ, ಹಸು, ಹಿತ್ತಿಲ ಅವರೆ ಚಪ್ಪರ, ನಾನು, ಎಲ್ಲವೂ ಅಕ್ಕನ ಆಡಳಿತ. ಅವಳು ಮೊರ ಹಿಡಿದು ಅಕ್ಕಿ ಕೇರಿದರೆ ಕಲ್ಲು ತಾವಾಗಿಯೇ ಎದ್ದು ಹೊರಗೆ ಹೋಗುತ್ತವೆ ಎಂದು ಬೀದಿಯವರು ಹೇಳುತ್ತಿದ್ದರು.

ಹಾಗಿದ್ದ ಮನೆಯಲ್ಲಿ ಒಂದು ಮಧ್ಯಾಹ್ನ ಅನ್ನದ ತುತ್ತಿನಲ್ಲಿ ನನ್ನ ದವಡೆ ಹಲ್ಲು ಕಟಕ್ಕೆಂದಿತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ನಮ್ಮ ಕಡೆ ಹೊಲವೆಲ್ಲ ಚೆಂಡುಹೂವಿನ ಹಳದಿ ಬಳಿದುಕೊಂಡಿದ್ದ ಕಾಲ. ನಾನು ಕಲ್ಲನ್ನು ತಟ್ಟೆಯ ಅಂಚಿಗಿಟ್ಟು ಅಕ್ಕನ ಮುಖ ನೋಡಿದೆ. ಅವಳ ಕಣ್ಣು ಕೆಡುತ್ತಿರುವ ಸುದ್ದಿ ಮೊದಲು ಬಂದದ್ದು ನನ್ನ ಹಲ್ಲಿಗೆ.

'ಅಕ್ಕಿಗೂ ಕಲ್ಲಿಗೂ ಬೇದ ಕಾಣದು ಕಣ್ಲಾ ಬಸ್ವಾ,' ಎಂದಳು ಅಕ್ಕ, ತಪ್ಪು ಮಾಡಿದ ಮಗುವಿನ ಹಾಗೆ. 'ತಾಳವಾಡೀಲಿ ಕಣ್ಣು ನೋಡೋ ಮೇಡಮ್ಮು ಬಂದದಂತ. ಒಂದಪ ಕರ್ಕೊಂಡೋಗಿ ತೋರುಸ್ಲಾ.'

'ಈ ಸಂತಗೇ ಓಗಾವ ಬುಡಕ್ಕ,' ಎಂದೆ ನಾನು.

ಆ ಸಂತೆಗೆ ಹೂವಿನ ಕೊಯ್ಲು ಬಂತು. ಮುಂದಿನ ಸಂತೆಗೆ ಮಳೆ. ಅದರ ಮುಂದಿನ ಸಂತೆಗೆ ತಾಳಮಲೆ ಕಾಡಿನ ಕಡೆಯಿಂದ ಆನೆ ಇಳಿದಿದೆ ಎಂದೆ. ಆನೆ ಇಳಿದದ್ದು ನಿಜ. ಆದರೆ ನಮ್ಮ ದಾರಿಗಲ್ಲ. ಆನೆಯ ಹೆಸರು ಹೇಳಿದರೆ ನಮ್ಮ ಊರಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ನಿಜವಾದ ಕಾರಣ ಬೇರೆ ಇತ್ತು. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನಮ್ಮದು ಮೊಟ್ಟೆ ಎಂಬ ಮಾತು ಕೂಡ ಹೊಸಿಲು ದಾಟದ ಮನೆ. ಆದರೆ ತಾಳವಾಡಿಯ ಬಸ್ಸು ನಿಲ್ದಾಣದ ಹಿಂದೆ ಒಂದು ಪರೋಟ ಅಂಗಡಿ ಇತ್ತು. ಅಲ್ಲಿ ದೋಸೆಕಲ್ಲಿನ ಮೇಲೆ ಪರೋಟವನ್ನೂ ಮೊಟ್ಟೆಯನ್ನೂ ಸೇರಿಸಿ ತಟತಟ ಕೊಚ್ಚಿ, ಮೇಲೆ ಸಾಲ್ನಾ ಎಂಬ ಬಿಸಿಬಿಸಿ ಖಾರದ ಸಾರು ಸುರಿದು ಕೊಡುತ್ತಿದ್ದರು. ವಾರಕ್ಕೊಂದು ಸಂತೆ, ಸಂತೆಗೊಂದು ಪರೋಟ. ಮದುವೆಯಾದ, ತಲೆಯಲ್ಲಿ ನರೆ ಬಂದ ಗಂಡಸಾದ ನಾನು ಮೂಲೆಯ ಬೆಂಚಿನಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ತಿನ್ನುತ್ತಿದ್ದೆ. ಅಕ್ಕನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದರೆ ಆ ವಾರದ ಬೆಂಚು ಖಾಲಿ. ಅಷ್ಟೇ ವಿಷಯ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಬಹಳ ವರ್ಷ ಯೋಚಿಸಿದ್ದೇನೆ, ಸಿಕ್ಕಿಲ್ಲ.

ಕೊನೆಗೆ ಒಂದು ಸಂತೆಯ ದಿನ ಅಕ್ಕ ಸೀರೆ ಉಟ್ಟು, ತಲೆ ಬಾಚಿ, ಜಗಲಿಯ ಮೇಲೆ ಕೂತೇಬಿಟ್ಟಳು. ಆಗ ನನಗೆ ಹೊಳೆದದ್ದು ಅಪ್ಪನ ಪೊರಕೆ ಕಡ್ಡಿ.

'ನೀ ಯಾಕಕ್ಕ ಆ ದೂಳಲ್ಲಿ ಬತ್ತಿಯ? ನಾನೇ ಅಳತ ಕೊಟ್ಟು ಮಾಡಿಸ್ಕ ಬತ್ತೀನಿ.'

'ಕಣ್ಣಿಗ್ಯಾವ ಅಳತ್ಯಲಾ?'

'ನಂದೇ. ಒಂದೇ ಒಟ್ಟೇಲಿ ಉಟ್ಟಿರೋರು. ನಿನ್ ಮೂಗು ನನ್ ಮೂಗು ಒಂದೇ ಅಲ್ವಾ? ಕಣ್ಣೂ ಒಂದೇ ಕಣಕ್ಕ.'

ಅಕ್ಕ ನನ್ನ ಮುಖವನ್ನು ಹತ್ತಿರಕ್ಕೆ ಎಳೆದು ನೋಡಿದಳು. ಸಣ್ಣವರಿದ್ದಾಗಿನಿಂದ ಎಲ್ಲರೂ ಹೇಳುತ್ತಿದ್ದದ್ದು ಅದೇ, ಇಬ್ಬರದೂ ಒಂದೇ ಅಚ್ಚು ಎಂದು. 'ಅದೂ ಸರಿಯೇ,' ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿದಳು. ರತ್ನ ಬಾಗಿಲಲ್ಲಿ ನಿಂತು, 'ಅಂಗಾರ ಅಕ್ಕನ್ಗ ಜ್ವರ ಬಂದ್ರ ಸೂಜಿನೂ ನೀವೇ ಚುಚ್ಚಿಸ್ಕ ಬನ್ನಿ,' ಎಂದಳು. ನಾನು ಕೇಳಿಸದವನ ಹಾಗೆ ಮೊಪೆಡ್ಡು ತುಳಿದೆ.

ಕಣ್ಣು ಪರೀಕ್ಷೆಯ ಮೇಡಂ ಹೆಸರು ಸೆಲ್ವಿ. ಸತ್ಯಮಂಗಲದ ಕಡೆಯವರು, ಕನ್ನಡಕದ ಅಂಗಡಿಯ ಒಳಗಿನ ಕೋಣೆಯಲ್ಲಿ ಸಂತೆ ದಿನಗಳಂದು ಕೂರುತ್ತಿದ್ದರು. ನಮ್ಮದು ತಮಿಳುನಾಡಿನ ಗಡಿಯೊಳಗಿನ ಕನ್ನಡದ ಸೀಮೆ, ಗೋಡೆಯ ಹಲಗೆಯಲ್ಲಿ ತಮಿಳು ಅಕ್ಷರ. ನನಗೆ ಬಸ್ಸಿನ ಬೋರ್ಡಿನಷ್ಟು ಮಾತ್ರ ತಮಿಳು ಬರುತ್ತಿತ್ತು. ಅವರು ಹಲಗೆ ತಿರುಗಿಸಿ, ಮೂರು ಹಲ್ಲಿನ ಕವೆಗಳಂಥ ಗುರುತು ತೋರಿಸಿ, ಹಲ್ಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿ ಎಂದರು. ಆಮೇಲೆ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಕೂರಿಸಿ ಗಾಜು ಬದಲಾಯಿಸುತ್ತಾ, 'ಇದು ತೆಳಿವಾ, ಚೆನ್ನಾಗಿ ಕಾಣ್ತದಾ ಅಣ್ಣಾ, ಅದು ತೆಳಿವಾ ಇದೆಯಾ?' ಎಂದು ಕೇಳತೊಡಗಿದರು.

ನಾನು ಕೂತಿದ್ದು ಅಕ್ಕನ ಪರವಾಗಿ. ಹಾಗಾಗಿ ನನಗೆ ಕಂಡದ್ದನ್ನು ಹೇಳಿದರೆ ಅನ್ಯಾಯವಾಗುತ್ತದೆ ಎನ್ನಿಸಿತು. ಪ್ರತಿ ಗಾಜಿಗೂ ಕಣ್ಣು ಮುಚ್ಚಿ, 'ಈಗ ಅಕ್ಕ ಇದ್ದಿದ್ದರೆ ಏನು ಹೇಳುತ್ತಿದ್ದಳು?' ಎಂದು ಯೋಚಿಸಿ ಉತ್ತರ ಕೊಟ್ಟೆ. ನನ್ನ ಕಣ್ಣು, ಅಕ್ಕನ ಉತ್ತರ. ಮೇಡಂ ಸಣ್ಣ ದೀಪ ಹಿಡಿದು ನನ್ನ ಕಣ್ಣೊಳಗೆ ಇಣುಕಿದರು, ಹುಬ್ಬು ಗಂಟಿಕ್ಕಿದರು.

'ನಿಮ್ ಕಣ್ಣು ಒಂದು ಹೇಳ್ತದೆ, ನೀವು ಒಂದು ಹೇಳ್ತೀರಿ. ಯಾರನ್ನ ನಂಬಲಿ ಅಣ್ಣಾ?'

'ನನ್ನೇ ನಂಬಿ ಮೇಡಂ.'

ಜೀವಮಾನದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಅವರು ಒಲ್ಲದ ಮನಸ್ಸಿನಿಂದ ಕನ್ನಡಕ ಮಾಡಿಸಿಕೊಟ್ಟು, ಸರಿ ಅನ್ನಿಸದಿದ್ದರೆ ವಾಪಸ್ ಬರಬೇಕು, ಮನೆಯವರನ್ನೆಲ್ಲ ವರ್ಷಕ್ಕೊಂದು ಸಲ ಕರೆತಂದು ತೋರಿಸಬೇಕು, ನೋವಿಲ್ಲದೆಯೂ ಕಣ್ಣು ಕೆಡುತ್ತದೆ ಎಂದೆಲ್ಲ ಹೇಳಿದರು. ನಾನು ತಲೆಯಾಡಿಸಿದೆ. ಹಿಂದಿನ ಬೀದಿಯಿಂದ ತಟತಟ ಸದ್ದು ಬರುತ್ತಿತ್ತು.

ಹೀಗೆ ಭೂಮಿಯ ಮೇಲೆ ಇಲ್ಲದ ಒಬ್ಬ ಮನುಷ್ಯನಿಗೆ ಸರಿಹೊಂದುವ ಕನ್ನಡಕ ನಮ್ಮ ಮನೆಗೆ ಬಂತು. ಅಕ್ಕ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಮಾದಪ್ಪನ ಪಟದ ಮುಂದೆ ಇಟ್ಟು ತೆಗೆದು ಹಾಕಿಕೊಂಡಳು.

'ಕಾಣ್ತದಾ ಅಕ್ಕ?'

ಅವಳು ಸ್ವಲ್ಪ ಹೊತ್ತು ಗೋಡೆ ನೋಡಿದಳು, ಸೂರು ನೋಡಿದಳು, ನನ್ನನ್ನು ನೋಡಿದಳು. 'ಚೆಂದಾಗ್ ಕಾಣ್ತದ ಕಣ್ಲಾ,' ಎಂದಳು.

ಅಂದಿನಿಂದ ಆ ಕನ್ನಡಕ ಅಕ್ಕನ ಮೂಗಿನಿಂದ ಇಳಿಯಲಿಲ್ಲ. ನನ್ನ ತಮ್ಮ ಮಾಡಿಸಿಕೊಟ್ಟದ್ದು ಎಂದು ಬೀದಿಗೆಲ್ಲ ತೋರಿಸಿದಳು. ಅಕ್ಕಿ ಆರಿಸುವಾಗ ಮಾತ್ರ ಗಾಜಿನ ಮೇಲಿಂದ ನೋಡುತ್ತಿದ್ದಳು. ಅದು ಕನ್ನಡಕದವರ ಗತ್ತು ಎಂದುಕೊಂಡೆ. ಕಲ್ಲು ಮಾತ್ರ ಬರುತ್ತಲೇ ಇತ್ತು. ನಾನು ಸದ್ದಿಲ್ಲದೆ ನುಂಗುವುದನ್ನು ಕಲಿತೆ.

ಹೀಗೇ ಒಂದೆರಡು ವರ್ಷ ಕಳೆಯಿತು. ಒಂದು ದೀಪಾವಳಿ ಮುಗಿದ ಮೇಲೆ ಗುಮಟಾಪುರದ ಸಗಣಿ ಹಬ್ಬಕ್ಕೆ ಹೋಗಿದ್ದೆವು. ಬೀರೇಶ್ವರನ ಗುಡಿಯ ಹಿಂದೆ ಸಗಣಿಯ ಗುಡ್ಡೆ, ಗಂಡಸರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಹೆಂಗಸರು ದೂರದಲ್ಲಿ ನಿಂತು ನೋಡುತ್ತಾರೆ. ದಾರಿ ತಪ್ಪಿದ ಒಂದು ಉಂಡೆ ಎಡಗಡೆಯಿಂದ ಹಾರಿ ಬಂತು. ಸಾಲಿನಲ್ಲಿದ್ದವರೆಲ್ಲ ಕಿರುಚಿ ಬಗ್ಗಿದರು. ಅಕ್ಕ ಬಗ್ಗಲಿಲ್ಲ. ಅದು ಅವಳ ಎಡಗೆನ್ನೆಗೆ ಬಿದ್ದು ಕನ್ನಡಕದ ತುಂಬ ಸಗಣಿಯಾಯಿತು. 'ಗೌರಮ್ಮಣ್ಣಿ ಕಣ್ಗ ದೇವ್ರೇ ಕಾಡ್ಗ ಅಚ್ದ!' ಎಂದು ಯಾರೋ ಕೂಗಿದರು. ಅಲ್ಲಿದ್ದವರಲ್ಲೆಲ್ಲ ಜೋರಾಗಿ ನಕ್ಕವನು ನಾನು. ಅಕ್ಕನೂ ನಕ್ಕಳು. ನಗುತ್ತಾ, 'ಅದ್ಯಾವ ಕಡಿಂದ ಬಂತ್ಲಾ?' ಎಂದು ಕೇಳಿದಳು. ಆ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ರತ್ನಳಿಗೆ. ಅಕ್ಕನ ಎಡಕ್ಕಿಟ್ಟ ಲೋಟ ಉರುಳುತ್ತಿತ್ತು, ಎಡದ ಬಾಗಿಲು ತೋಳಿಗೆ ಬಡಿಯುತ್ತಿತ್ತು. ಒಂದು ಬೆಳಿಗ್ಗೆ ರತ್ನ ನನ್ನ ಮೊಪೆಡ್ಡಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, 'ಇವತ್ತು ಬಸ್ಸಲ್ಲಿ ಓಗಾವ, ಮೂರೂ ಜನ. ಅಳತ ಗಿಳತ ಏನೂ ಬೇಡ, ಕಣ್ಣುನ್ನೇ ತಕಂಡೋಗಾವ,' ಎಂದಳು.

ಸೆಲ್ವಿ ಮೇಡಂ ಮೊದಲು ನನ್ನನ್ನು ನೋಡಿದರು, ಆಮೇಲೆ ಅಕ್ಕನ ಮೂಗನ್ನು. 'ಅಣ್ಣಾ, ಇದು ನಿಮ್ಗೆ ಕೊಟ್ಟ ಕನ್ನಡಕ ಅಲ್ವಾ?'

ಅಕ್ಕ ನನ್ನನ್ನು ಬಿಟ್ಟುಕೊಡಲಿಲ್ಲ. 'ನಂದೇ ಕಣಮ್ಮಾ. ನನ್ ತಮ್ಮ ಅಳತ ಕೊಟ್ಟು ಮಾಡಿಸ್ಕ ಬಂದ.'

ಮೇಡಂ ನಕ್ಕರು. 'ಚಪ್ಪಲಿಗೆ ಅಳತೆ ಕಳ್ಸೋದು ಕೇಳಿದೀನಿ, ಅಂಗಿಗೆ ಕೇಳಿದೀನಿ, ಕಣ್ಣಿಗೆ ಆಳು ಕಳ್ಸೋದು ಈಗ್ಲೇ ಕೇಳೋದು!' ಅಕ್ಕನೂ ರತ್ನಳೂ ನಕ್ಕರು. ಹಾಗೆ ನಗುತ್ತಲೇ ಮೇಡಂ ದೀಪ ಹಿಡಿದು ಅಕ್ಕನ ಎಡಗಣ್ಣಿಗೆ ಬಗ್ಗಿದರು. ನಗು ಅಲ್ಲಿಗೆ ನಿಂತಿತು. ಅವರು ಬಹಳ ಹೊತ್ತು ನೋಡಿ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, 'ನಾಳೆನೇ ಹೋಗ್ಬೇಕು. ಇನ್ನೊಂದು ಸಂತೆ ನೋಡ್ಬೇಡಿ,' ಎಂದರು.

ದೊಡ್ಡ ಆಸ್ಪತ್ರೆಯ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ, ನೋವಿಲ್ಲದೆ, ಸದ್ದಿಲ್ಲದೆ, ಬದಿಯ ನೋಟವನ್ನು ತಿನ್ನುತ್ತಾ ಬರುತ್ತದಂತೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಉಳಿದದ್ದನ್ನು ದಿನವೂ ಔಷಧಿಯ ಹನಿ ಬಿಟ್ಟು ಕಾಪಾಡಿಕೊಳ್ಳಬೇಕು. 'ಮೊದಲೇ ಬರಬಾರದಾಗಿತ್ತಾ?' ಎಂದು ಅವರು ಕೇಳಿದರು. ಅಕ್ಕ ತಟ್ಟನೆ, 'ಆನೆ ಇಳಿದಿತ್ತು ಸಾ,' ಎಂದಳು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಈ ಕಾಯಿಲೆ ಒಡಹುಟ್ಟಿದವರಲ್ಲಿ ಬರುವುದುಂಟು ಎಂದು ನನ್ನನ್ನೂ ಕುರ್ಚಿಯಲ್ಲಿ ಕೂರಿಸಿದರು. ನನಗೂ ಇತ್ತು. ಆದರೆ ಶುರುವಿನಲ್ಲೇ ಸಿಕ್ಕಿತು, ನೋಟ ಒಂದಿಷ್ಟೂ ಹೋಗಿರಲಿಲ್ಲ. ಒಂದೇ ಅಚ್ಚಿನ ಕಣ್ಣು ಎಂದು ನಾನು ಹೇಳಿದ ಸುಳ್ಳಿನಲ್ಲಿ ನಿಜವಾದ ಭಾಗ ಅದೊಂದೇ. ಅಕ್ಕನಿಗಾಗಿ ನಾನು ಕೊಟ್ಟ ಅಳತೆ ಅವಳ ಕಣ್ಣನ್ನು ಕೆಡಿಸಿತು. ನನಗಾಗಿ ಅವಳ ಕಣ್ಣು ಕೊಟ್ಟ ಅಳತೆ ನನ್ನನ್ನು ಉಳಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಪರೋಟದ ವಿಷಯ ಹೇಳಿಯೇಬಿಟ್ಟೆ. ಅಕ್ಕ ಕಿಟಕಿಯ ಕಡೆ ನೋಡುತ್ತಾ, 'ಗೊತ್ತು ಕಣ್ಲಾ,' ಎಂದಳು. 'ಸಂತಿಂದ ಬಂದ್ ದಿನ ನಿನ್ ಅಂಗಿ ಒಗೀತಿದ್ದೋಳು ನಾನೇ ಅಲ್ವಾ? ಕಣ್ಣು ಓಗಿತ್ತು, ಮೂಗಿತ್ತಲ್ಲ.' ಸ್ವಲ್ಪ ದೂರ ಹೋದ ಮೇಲೆ, 'ಚೆಂದಾಗಿರ್ತದೇನ್ಲಾ ಅದು?' ಎಂದು ಕೇಳಿದಳು. ಆಮೇಲೆ ನಾನು ಆ ಬೆಂಚಿನಲ್ಲಿ ಕೂತಿಲ್ಲ. ಇದನ್ನು ತ್ಯಾಗ ಎನ್ನಬೇಡಿ. ತಟತಟ ಸದ್ದು ಕೇಳಿದರೆ ಬೇರೆ ಬೀದಿಗೆ ತಿರುಗುತ್ತೇನೆ, ಅಷ್ಟೇ.

ಅಕ್ಕನಿಗೆ ಅವಳದೇ ಕಣ್ಣಿನ ಕನ್ನಡಕ ಬಂತು. ಹಳೆಯದು ಮಾದಪ್ಪನ ಪಟದ ಮೊಳೆಯಲ್ಲಿ ನೇತಾಡುತ್ತಿದೆ. ಬಂದ ನೆಂಟರೆಲ್ಲ ಒಮ್ಮೆ ಹಾಕಿ ನೋಡಿ ತಲೆ ಸುತ್ತುತ್ತದೆ ಎಂದು ತೆಗೆದಿಡುತ್ತಾರೆ. ಅದು ಸರಿಹೊಂದುವ ಮನುಷ್ಯ ಗೆಟ್ಟವಾಡಿಯಲ್ಲಿ ಇನ್ನೂ ಹುಟ್ಟಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕತ್ತು ಮೇಲೆ ಮಾಡಿ ಕೂರುತ್ತೇವೆ. ಮೊದಲು ಅವಳ ಕಣ್ಣಿಗೆ ನಾನು ಹನಿ ಬಿಡುತ್ತೇನೆ. ಆಮೇಲೆ ನನ್ನ ಕಣ್ಣಿಗೆ ಅವಳೇ ಬಿಡಬೇಕು. ಸೊಂಟದ ಮೇಲೆ ಹೊತ್ತು ಸಾಕಿದವಳು, ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ. ಒಂದು ಹನಿ ನನ್ನ ಹುಬ್ಬಿಗೆ ಬೀಳುತ್ತದೆ, ಇನ್ನೊಂದು ಮೂಗಿನ ಪಕ್ಕದಿಂದ ಇಳಿದು ಮೀಸೆ ಸೇರುತ್ತದೆ.

'ಸರ್ಯಾಗ್ ಬಿತ್ತೇನ್ಲಾ ಬಸ್ವಾ?' ಎನ್ನುತ್ತಾಳೆ.

'ಚೆಂದಾಗ್ ಬಿತ್ತು ಕಣಕ್ಕ,' ಎನ್ನುತ್ತೇನೆ. ಆಮೇಲೆ ಹಸು ನೋಡುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ, ಗೋಡೆಯ ಕಡೆಗೆ ಮುಖ ಮಾಡಿ, ಕಳ್ಳನ ಹಾಗೆ ನಾನೇ ಇನ್ನೊಂದು ಸಲ ಬಿಟ್ಟುಕೊಳ್ಳುತ್ತೇನೆ.